ಹಿಂದಿನ ಲಿವರ್

"ಇತ್ತ ನೋಡಬ್ಯಾಡ್ರಿ," ಎಂದು ಮಿಸ್ತ್ರಿ ಗುರುಪಾದ ವೆಲ್ಡಿಂಗ್ ಶುರು ಮಾಡಿದ. ಅವ್ವ ಸೆರಗನ್ನು ಮುಖಕ್ಕೆ ಹಿಡಿದಳು. ಶೈಲಾ ಟ್ರ್ಯಾಕ್ಟರಿಗೆ ಬೆನ್ನು ತಿರುಗಿಸಿದಳು. ಅವಳಿಗೆ ನೋಡುವುದೇ ಬೇಕಿರಲಿಲ್ಲ.

ಆ ಸಣ್ಣ ಟ್ರ್ಯಾಕ್ಟರ್ ಶೈಲಾಳಿಗಿಂತ ಹಳೆಯದು. ಹಿಂದಿನ ಲಿಫ್ಟಿನ ತೋಳು ಎತ್ತಿ ಇಳಿಸುವ ಲಿವರ್ ಸೀಟಿನ ಪಕ್ಕದಲ್ಲಿ ಒಂದೇ ಇತ್ತು. ದಿನಾ ಬೆಳಗ್ಗೆ ಹಿಂದೆ ಮಣ್ಣು ಪುಡಿ ಮಾಡುವ ರೋಟಾವೇಟರ್ ಜೋಡಿಸಬೇಕೆಂದರೆ ಇಬ್ಬರು ಬೇಕು. ಅಪ್ಪ ಸಕ್ಕರೆ ಕಾರ್ಖಾನೆಯ ಪಾಳಿಗೆ ನಸುಕಿನಲ್ಲೇ ಹೋಗಿಬಿಡುತ್ತಿದ್ದ. ಹಾಗಾಗಿ ಸೀಟಿನ ಮೇಲೆ ಶೈಲಾ, ಹಿಂದೆ ಪಿನ್ ಹಿಡಿದು ಅವ್ವ. ಅವ್ವ ಹೇಳಿದಷ್ಟೇ ಲಿವರ್ ಸರಿಸಬೇಕು, ಬೆರಳಿನಷ್ಟು.

ಇಡೀ ದಿನದಲ್ಲಿ ಅವ್ವ ಅವಳೊಬ್ಬಳ ಜೊತೆಗೇ ಇರುವ ಹೊತ್ತು ಅದೊಂದೇ. ಆಮೇಲೆ ಎಮ್ಮೆ, ಅಡುಗೆ, ತಮ್ಮ, ಕಬ್ಬು.

ಹೋದ ವಾರ ಶೈಲಾ ಲಿವರನ್ನು ಜೋರಾಗಿ ತಳ್ಳಿಬಿಟ್ಟಿದ್ದಳು. ಲಿಫ್ಟಿನ ಕಬ್ಬಿಣದ ತೋಳು ಧಡಕ್ಕನೆ ಇಳಿದು ಅವ್ವನ ಬೆರಳು ಜಜ್ಜಿತ್ತು. ಅವ್ವ ಬೈಯಲಿಲ್ಲ. ಆದರೆ ಉಗುರು ಇನ್ನೂ ಕಪ್ಪಗಿದೆ, ಇವತ್ತು ಮಿಸ್ತ್ರಿ ಬಂದಿದ್ದಾನೆ. ಹಿಂದಿನ ಮಡ್‌ಗಾರ್ಡಿಗೆ ಹೊಸ ಹಿಡಿಕೆ ಕೂಡಿಸಿ, ಅಲ್ಲಿಂದ ಸೀಟಿನ ಲಿವರಿಗೆ ಒಂದು ಸರಳು ಜೋಡಿಸುತ್ತಿದ್ದಾನೆ. ಇನ್ನು ಅವ್ವ ಹಿಂದೆ ನಿಂತು ಒಬ್ಬಳೇ ಎಲ್ಲ ಮಾಡಬಹುದು.

ಅವ್ವ ಚಹಾ ತರಲು ಒಳಗೆ ಹೋದಾಗ ಶೈಲಾ ಮೆಲ್ಲಗೆ ಕೇಳಿದಳು. "ಕಾಕಾ, ನಾ ತಪ್ಪ ಮಾಡಿದ್ದಕ್ಕ ಇದನ್ನ ಹಾಕಾಕತ್ತೀರೇನ್ರಿ?"

"ಯಾವ ತಪ್ಪವಾ? ನಿಮ್ಮವ್ವ ದೀಪಾವಳಿಗೇ ಹೇಳಿ ಹೋಗ್ಯಾರ. ನನಗ ಈಗ ಪುರಸೊತ್ತ ಸಿಕ್ಕೈತಿ. ನೀ ದಿನಾ ಸಾಲಿಗೆ ತಡಾ ಮಾಡಿ ಹೋಗಿ ಹೊರಗ ನಿಲ್ಲತೀಯಂತಲ್ಲ? ನಿಮ್ಮ ಟೀಚರ್ ಸಂತ್ಯಾಗ ಸಿಕ್ಕು ಹೇಳಿದ್ರಂತ."

ಶೈಲಾ ಮುಖ ಕೆಳಗೆ ಹಾಕಿದಳು. ಪ್ರಾರ್ಥನೆ ಮುಗಿದ ಮೇಲೆ ಹೋಗಿ ಬಾಗಿಲಲ್ಲಿ ನಿಲ್ಲುವ ಸಂಗತಿಯನ್ನು ಅವಳು ಮನೆಯಲ್ಲಿ ಹೇಳಿರಲೇ ಇಲ್ಲ. ಹೇಳಿದರೆ ಸೀಟು ತಪ್ಪುತ್ತದೆ ಎಂದು ಗೊತ್ತಿತ್ತು.

ಮರುದಿನ ಬೆಳಗ್ಗೆ ರೂಢಿಯಂತೆ ಟ್ರ್ಯಾಕ್ಟರ್ ಹತ್ತಲು ಹೋದಳು.

"ಬ್ಯಾಡ, ಸಾಲಿಗೆ ನಡಿ. ಮೇಘಾ ಆಗಲೇ ಹೊಂಟಾಳ," ಎಂದು ಅವ್ವ ಶೈಲಾಳ ಗೆಳತಿಯತ್ತ ಕೈ ತೋರಿಸಿದಳು.

ಶೈಲಾ ಬ್ಯಾಗ್ ಹಾಕಿಕೊಂಡು ಹೊರಟಳು. ಓಣಿಯ ತಿರುವಿನಲ್ಲಿ ನಿಂತು ಹಿಂದಕ್ಕೆ ನೋಡಿದಳು. ಅವ್ವ ಹೊಸ ಹಿಡಿಕೆ ಸರಿಸಿದಳು. ತೋಳು ನಿಧಾನವಾಗಿ ಇಳಿದು ನಿಂತಿತು. ಒಂದು ಪಿನ್ ಕೂತಿತು. ಇನ್ನೊಂದೂ ಕೂತಿತು. ಅಷ್ಟು ಬೇಗ ಮುಗಿದೇ ಹೋಯಿತು.

ಆಗ ಅವ್ವ ತಲೆಯೆತ್ತಿ ಖಾಲಿ ಸೀಟಿನ ಕಡೆ ನೋಡಿ ಏನೋ ಹೇಳಿದಳು. ಇಂಜಿನ್ನಿನ ಸದ್ದಿಗೆ ಕೇಳಿಸಲಿಲ್ಲ. ಆದರೆ ಪಿನ್ ಕೂತ ಮೇಲೆ ಅವ್ವ ಹೇಳುವ ಮಾತು ಒಂದೇ, 'ಸಾಕವಾ'.

ಮರುಕ್ಷಣ ಅವ್ವ ಸೀಟಿನ ಬಳಿ ಬಂದಳು. ಸೀಟಿನ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿದಳು. ಒರೆಸಿ ಮುಗಿದರೂ ಕೈ ಅಲ್ಲೇ ಇತ್ತು.

ಅವ್ವನಿಗೂ ಆ ಹೊತ್ತು ಬೇಕಿತ್ತು ಎಂದು ಶೈಲಾ ಎಣಿಸಿರಲಿಲ್ಲ.

ಮುಂದೆ ಹೋಗುತ್ತಿದ್ದ ಮೇಘಾ ಕೂಗಿದಳು. ಶೈಲಾ ಕಣ್ಣೊರೆಸಿಕೊಂಡು ಓಡತೊಡಗಿದಳು.