ಆರನೆಯ ಚಕ್ರ

“ಆ ಚಕ್ರವೊಂದನ್ನ ಬಿಟ್ಟು ಬೇರೆ ಯಾವುದು ಬೇಕಾದ್ರೂ ತಗೊಳ್ಳಿ,” ಎಂದ ಗುಜರಿಯವನು. “ಅದರಡಿ ಸಿಕ್ಕಿ ಸತ್ತವನ ತಾಯಿ ಮಾಟ ಮಾಡಿಸಿ ಕೂದಲು ಕಟ್ಟಿ ಹೋಗಿದ್ದಾಳೆ. ಬಿಚ್ಚಿದವನಿಗೆ ಏನೂ ಆಗಲ್ಲ. ಅವನ ಜೊತೆ ಹುಟ್ಟಿದವರನ್ನ ಬಿಡಲ್ಲ.”

“ತುಕ್ಕು ಹಿಡಿದ ಕಬ್ಬಿಣಕ್ಕೆ ಮಾಟ ಬೇರೆ ಕೇಡು,” ಎಂದು ನಕ್ಕ ಗಿರಾಕಿ.

ಅಣ್ಣನ ಗ್ಯಾರೇಜಿಗೆ ಸೇರಿ ಅವನಿಗಿನ್ನೂ ವರ್ಷ ತುಂಬಿರಲಿಲ್ಲ. ಹಳೆಯ ಲಾರಿಗಳನ್ನು ಮೊದಲಿದ್ದ ಹಾಗೆಯೇ ಮಾಡಿಕೊಡುವುದು ಅಣ್ಣನ ಕಸುಬು. ಈಗಿನ ಲಾರಿಗೆ ಐದು ಚಕ್ರ ಸಿಕ್ಕಿದ್ದವು. ಆರನೆಯದಕ್ಕಾಗಿ ಈ ತಮ್ಮ ಊರೂರು ಅಲೆದು ಚಪ್ಪಲಿ ಸವೆಸಿದ್ದ. ಒಮ್ಮೆ ಹಳೆಯದರಂತೆ ಕಾಣುವ ಹೊಸದೊಂದನ್ನು ತಂದಾಗ ಅಣ್ಣ ಬೋಲ್ಟಿನ ತೂತುಗಳ ಅಂತರ ಅಳೆದು, ಹೊಂದದೆಂದು ಪಕ್ಕಕ್ಕಿಟ್ಟಿದ್ದ. ಅದು ಇನ್ನೂ ಚುಚ್ಚುತ್ತಿತ್ತು. ಈ ಚಕ್ರಕ್ಕೋ ಅದೇ ಮೊಟ್ಟೆಯಾಕಾರದ ಕಿಂಡಿಗಳು, ಅಂಚಿನಲ್ಲಿ ಅದೇ ಮುದ್ರೆ, ಟೈರನ್ನು ಹಿಡಿದಿಡುವ ಅದೇ ಉಕ್ಕಿನ ಲಾಕ್ ರಿಂಗು.

ಕಿಂಡಿಗಳಿಗೆ ಉದ್ದನೆಯ ಕೂದಲು ಸುತ್ತಿತ್ತು. ಚಾಕುವಿನಿಂದ ಕೊಯ್ದ. ಶೆಡ್ಡಿನ ಕತ್ತಲಲ್ಲಿ ಕೂದಲು ಸುಟ್ಟ ವಾಸನೆ ಎದ್ದಿತು. ಬೆಂಕಿ ಎಲ್ಲೂ ಇರಲಿಲ್ಲ. ವಾಸನೆ ದಾರಿಯುದ್ದಕ್ಕೂ ಜೊತೆಗೆ ಬಂತು, ಕೈ ತೊಳೆದರೂ ಹೋಗಲಿಲ್ಲ.

ಅಣ್ಣ ಚಕ್ರದ ಮೈ ಸವರಿ ಮಗುವಿನಂತೆ ಹಿಗ್ಗಿದ. “ಎಲ್ಲಿ ಸಿಕ್ತೋ? ಯಾರೂ ಏನೂ ಅನ್ಲಿಲ್ವಾ?”

“ಇಲ್ಲಣ್ಣ. ಮೂಲೇಲಿ ಬಿದ್ದಿತ್ತು.”

ಆ ಗ್ಯಾರೇಜಿನಲ್ಲೊಂದು ಕಟ್ಟುಪಾಡಿತ್ತು. ಹಳೆಯ ಚಕ್ರ ತಂದವನೇ ಅದಕ್ಕೆ ಮೊದಲ ಗಾಳಿ ತುಂಬಬೇಕು, ಅದರ ಹಿಂದುಮುಂದು ಬಲ್ಲವನು ಅವನೊಬ್ಬನೇ. ರಿಂಗು ಸರಿಯಾಗಿ ಕೂರದಿದ್ದರೆ ಗಾಳಿಯ ಒತ್ತಡಕ್ಕೆ ಸಿಡಿದು ಹಾರುತ್ತದೆ. ಅಣ್ಣ ಟೈರು ಹಾಕಿ, ರಿಂಗು ಬಡಿದು ಕೂರಿಸಿ, ಗಾಳಿಯ ಪೈಪನ್ನು ತಮ್ಮನತ್ತ ಚಾಚಿದ.

ತಮ್ಮ ಬಗ್ಗಿದ. ರಿಂಗಿನ ಸಂದಿಯಲ್ಲಿ ಒಂದು ಕೂದಲು ಅಲ್ಲಾಡುತ್ತಿತ್ತು. ಇದನ್ನೆಲ್ಲ ತಾನು ನಂಬುವವನಲ್ಲ ಎಂದುಕೊಂಡ. ಕೈ ಮಾತ್ರ ಹಿಂದೆ ಸರಿಯಿತು.

“ಬೆನ್ನು ಹಿಡ್ಕೊಂಡಿದೆ ಅಣ್ಣ. ನೀನೇ ತುಂಬು.”

“ಮೈಗಳ್ಳ,” ಎಂದು ಅಣ್ಣ ನಗುತ್ತಲೇ ಪೈಪು ಹಿಡಿದು ಕುಕ್ಕರಗಾಲಲ್ಲಿ ಕೂತ.

ಬೇಡ ಅನ್ನಬೇಕು. ತಮ್ಮ ಒಂದು ಹೆಜ್ಜೆ ಹಿಂದಿಟ್ಟ. ಗಾಳಿ ಬುಸುಗುಟ್ಟಿತು. ವಾಸನೆ ಮೂಗಿಗೆ ಅಡರಿತು. ಉಕ್ಕು ಕಿರುಗುಟ್ಟಿತು. ಯಾರೋ ಹೆಂಗಸು ಕಿವಿಯ ಪಕ್ಕದಲ್ಲೇ ಉಸಿರೆಳೆದಳು. ತಾನು ಕೂಗಿದನೋ ಇಲ್ಲವೋ ತಮ್ಮನಿಗೇ ತಿಳಿಯಲಿಲ್ಲ. ರಿಂಗು ಹಾರಿತು.

ಅಣ್ಣ ಉಳಿದ. ಕಣ್ಣುಗಳು ಉಳಿಯಲಿಲ್ಲ.

ಆಸ್ಪತ್ರೆಯ ಮಂಚದ ಪಕ್ಕ ಕೂತ ತಮ್ಮನ ಮೈಮೇಲೆ ಒಂದು ಗೀರೂ ಇರಲಿಲ್ಲ. ಬಿಚ್ಚಿದವನಿಗೆ ಏನೂ ಆಗುವುದಿಲ್ಲವೆಂದು ಗುಜರಿಯವನು ಮೊದಲೇ ಹೇಳಿದ್ದ. ಪೈಪು ತನ್ನ ಕೈಯಲ್ಲೇ ಇದ್ದಿದ್ದರೆ ರಿಂಗು ತನ್ನನ್ನು ಮುಟ್ಟುತ್ತಿರಲಿಲ್ಲ, ಅಣ್ಣನ ಕಣ್ಣುಗಳೂ ಉಳಿಯುತ್ತಿದ್ದವೇನೋ ಎಂಬುದು ಅವನಿಗೆ ಈಗ ಹೊಳೆಯಿತು.

“ಅಣ್ಣ, ಆ ವೀಲು...”

ಅಣ್ಣ ತಡಕಾಡಿ ಅವನ ಕೈ ಹಿಡಿದ. “ವೀಲಿಂದೇನೂ ತಪ್ಪಿಲ್ಲ ಬಿಡೋ. ರಿಂಗು ಸರಿಯಾಗಿ ಕೂರಿಸದೆ ನಾನೇ ಅವಸರ ಮಾಡ್ದೆ. ಅಲ್ವಾ?”

ಹೇಳಿಬಿಡಬೇಕೆಂದು ತಮ್ಮ ಬಾಯಿ ತೆರೆದ.

“ಹೌದಣ್ಣ,” ಎಂದ.