ದೀಪ ಇಳಿಸದ ಹಗೇವು

ಆ ಮೇ ತಿಂಗಳ ಸಂಜೆ ಅಜ್ಜಂಪುರದಲ್ಲಿ ವಿಮಾನ ದಾಳಿಯ ಅಣಕು ಸೈರನ್ ಕೂಗಿತು. ಊರೆಲ್ಲ ದೀಪ ಆರಿಸಿತು.

"ಬಾಂಬಿಗೆ ಹಗೇವೇ ಗಟ್ಟಿ ಕಣೇ, ಇಳಿ" ಎಂದರು ಅತ್ತೆ ದ್ಯಾಮಮ್ಮ.

ನೆಲದಡಿಯ ಆ ರಾಗಿ ಗುಂಡಿಗೆ ಮೊದಲು ದೀಪ ಇಳಿಸುವುದು ವಾಡಿಕೆ. ಅದು ಆರಿದರೆ ಒಳಗೆ ಉಸಿರಾಡುವ ಗಾಳಿಯಿಲ್ಲ. ಅಂದು ದೀಪ ಹಚ್ಚುವಂತಿರಲಿಲ್ಲ, ಹಾಗೇ ಇಳಿದೆ.

ಪಕ್ಕದಲ್ಲಿ ಯಾರೋ ನಿಧಾನವಾಗಿ ಉಸಿರಾಡುತ್ತಿದ್ದರು. ತಾಗಿದ ತೋಳು ತಣ್ಣಗಿತ್ತು. ಅತ್ತೆಯೂ ಇಳಿದರೆಂದುಕೊಂಡೆ.

ಅಪಾಯ ಕಳೆಯಿತೆಂದು ಕೂಗಿದ ಎರಡನೇ ಸೈರನ್‌ಗೆ ಮೇಲೆ ಬಂದರೆ ಅತ್ತೆ ಕಟ್ಟೆಯ ಮೇಲಿದ್ದರು.

"ನೀವು ಯಾವಾಗ ಹತ್ತಿದ್ರಿ?"

"ಈ ಮಂಡೀಲಿ ನಾನೆಲ್ಲಿ ಇಳೀಲೇ?"

ಅವರು ಲಾಟೀನು ಹಚ್ಚಿ ಹಗ್ಗದಲ್ಲಿ ಇಳಿಬಿಟ್ಟರು. ಅರ್ಧಕ್ಕೇ ಆರಿತು. ಮತ್ತೆ ಹಚ್ಚಿದರು, ಮತ್ತೆ ಆರಿತು.

"ಇದ್ರೊಳಗೆ ಇಷ್ಟೊತ್ತು ಹೆಂಗೆ ಉಸಿರಾಡ್ದೆ?"

ನನಗೆ ನೆನಪಿರುವುದು ಪಕ್ಕದ ಉಸಿರು ಮಾತ್ರ.