ಕುರ್ಚಿ ಪಕ್ಕದ ಪುಟ್ಟ ಕನ್ನಡಿ

ಜೈಲಿನ ಹೆಂಗಸರ ವಿಭಾಗದಲ್ಲಿ ಹಲ್ಲು ನೋಡುವ ಕೆಲಸ ಮುಗಿಸಿ ಸಲಕರಣೆಗಳನ್ನು ಒರೆಸುತ್ತಿದ್ದೆ. ಬಾಯೊಳಗೆ ಹಿಡಿಯುವ ಪುಟ್ಟ ಕನ್ನಡಿಯ ಮೇಲೆ ಉಸಿರಿನ ಮಂಜು ಕಟ್ಟಿತ್ತು. ಒರೆಸಿ ಖಾಲಿ ಕುರ್ಚಿಯ ಪಕ್ಕದಲ್ಲಿಟ್ಟೆ, ಮತ್ತೆ ಕಟ್ಟಿತು.

“ಹೊರಗೆ ಇನ್ನೊಬ್ಬಳಿದ್ದಾಳೆ, ಕೆನ್ನೆ ಊದ್ಕೊಂಡಿದೆ. ಹೊತ್ತಾಯ್ತಲ್ಲ ಮೇಡಂ, ಮುಂದಿನ ತಿಂಗಳು ನೋಡಿದ್ರಾಯ್ತು,” ಎಂದಳು ಕಾವಲಿನವಳು.

“ಹೋದ ತಿಂಗಳು ನೀವು ಹೀಗೇ ವಾಪಸ್ ಕಳಿಸಿದ್ರಲ್ಲ, ಆ ಅಜ್ಜಿ ಎಲ್ಲಿ?” ಎಂದು ಕೇಳಿದೆ.

“ಕೀವು ಮೈಗೆಲ್ಲ ಏರಿ ಹೋಗ್ಬಿಟ್ರು ಪಾಪ. ಕೊನೇವರೆಗೂ ನಿಮ್ಮ ದಾರೀನೇ ಕಾಯ್ತಿದ್ರು.”

ಕೈಗವಸು ಮತ್ತೆ ಹಾಕಿಕೊಂಡೆ. “ಕರೀರಿ.”

ಊದಿದ ಕೆನ್ನೆಯ ಹೆಂಗಸು ಕುರ್ಚಿಯಲ್ಲಿ ಒರಗಿದವಳೇ ಅರ್ಧ ಎದ್ದಳು. “ಈಗಷ್ಟೇ ಯಾರಾದ್ರೂ ಎದ್ದು ಹೋದ್ರಾ ಡಾಕ್ಟ್ರಮ್ಮ? ದಿಂಬು ಬೆಚ್ಚಗಿದೆ.”

ಕೊನೆಯವಳು ಎದ್ದುಹೋಗಿ ಬಹಳ ಹೊತ್ತಾಗಿತ್ತು. ಸಾಲಿನಲ್ಲಿ ಒಬ್ಬಳು ಉಳಿದಿದ್ದರೂ ಇನ್ನು ಇಲ್ಲಿಂದ ಹೊರಡಕೂಡದೆಂದು ನಿಶ್ಚಯಿಸಿ, ಮಂಜು ಕಟ್ಟಿದ ಕನ್ನಡಿಯನ್ನು ಕೈಗೆತ್ತಿಕೊಂಡೆ.